ಯಾಕ ಅಂತ ಕೇಳಂಗಿಲ್ಲ

ನವನಗರದ ಜಿಲ್ಲಾಡಳಿತ ಭವನದ ಎದುರು,
ಝೆರಾಕ್ಸ್ ಅಂಗಡಿ ಕಟ್ಟಿ ಮ್ಯಾಲ ನನ್ನ ಮೇಜು.
ಒಂದು ಕಾಲು ಗಿಡ್ಡ, ಕೆಳಗ ಹಳೇ ಗೆಜೆಟ್ ಮಡಚಿಟ್ಟೇನಿ.
ಮಂದಿ ಬಂದು ಸಿಟ್ಟು ಹೇಳತಾರ,
ಸಿಟ್ಟು ಸೋಸಿ ನಾನು ಅರ್ಜಿ ಬರೀತೀನಿ.

ಗುಲ್ಜಾರಬಿ ಬಾಗವಾನ ಬಂದದ್ದು ಪೇರಲ ಬುಟ್ಟಿ ಸಮೇತ.
ಬುಟ್ಟಿ ಇಳಿಸಿ, ಸಿಂಬಿಲೆ ಮುಖಾ ಒರಸಿಕೊಂಡು
"ಬರಿ" ಅಂದಳು,
"ಕಿಲ್ಲೆದಾಗಿನ ನಮ್ಮಪ್ಪನ ಮನಿ ಕಲ್ಲಿಂದು.
ಕಾಗದದಾಗ ಮಣ್ಣಿಂದು ಅಂತ ಯಾಕ ಬರದರು?"

ರೊಕ್ಕದ ಮಾತಲ್ಲ. ರೊಕ್ಕದ ಮಾತು ಅಪ್ಪನ ಜೋಡಿ ಹೋತು,
ಮನಿ ಹಿನ್ನೀರಾಗ ಹೋತು.
"ಕಲ್ಲು ಮಣ್ಣು ಹೆಂಗಾತು, ಅಷ್ಟ ಹೇಳಲಿ."

ದಿನಾ ಹೇಳೂದನ್ನ ಹೇಳಿದೆ:
ನೋಡಬೇ, ಈ ಕಾಯಿದೆದೊಳಗ ಯಾಕ ಅಂತ ಕೇಳಂಗಿಲ್ಲ.
ಏನು, ಎಷ್ಟು, ಯಾವಾಗ, ಯಾರು, ಇವನ್ನ ಕೇಳಬಹುದು.
ಯಾಕ ಅನ್ನೂದು ಕಡತದಾಗ ಇರಂಗಿಲ್ಲ,
ಇಲ್ಲದ್ದನ್ನ ಅವರು ಕೊಡಂಗಿಲ್ಲ.
ನೂರೈವತ್ತು ಶಬ್ದ ಮೀರಂಗಿಲ್ಲ.
ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತಾ.

"ಹಂಗಾರ ಯಾಕ ತಗದು ಬರಿ" ಅಂದಳು,
ಹುಳುಕು ಹಣ್ಣು ತಗದು ಬಾಜೂಕ ಇಟ್ಟಂಗ.

ಮೂವತ್ತನೇ ದಿನಕ್ಕ ಉತ್ತರ: ಕಡತ ಲಭ್ಯವಿರುವುದಿಲ್ಲ.
ಮೇಲ್ಮನವಿಗೆ ಉತ್ತರ: ಸ್ಥಳಾಂತರದಲ್ಲಿ ಕೈತಪ್ಪಿದೆ.
ಊರಿನ ಜೋಡಿ ಕಡತಾನೂ ಸ್ಥಳಾಂತರ ಆಗಿತ್ತಂತ.
"ಅದಕ್ಕರ ಪ್ಲಾಟ್ ಕೊಟ್ಟಾರೋ ಇಲ್ಲೋ?" ಆಕಿ ನಕ್ಕಳು.
ಬೆಳಗಾವಿ ಪೀಠಕ್ಕ ಎರಡು ಸಲ ಹೋದಳು,
ಬೆಳಗಿನ ಮೊದಲ ಬಸ್ಸಿಗೆ, ಹೊಸಾ ಚಪ್ಪಲಿ ಮೆಟ್ಟಿ.
ಎರಡನೇ ಸಲಕ್ಕ ಕಡತ ಸಿಕ್ಕಿತು.
ಇದ್ದಲ್ಲೇ ಇತ್ತು.

ಒಂಬತ್ತು ಹಾಳಿ, ಹಾಳಿಗೆ ಎರಡರಂಗ ಹದಿನೆಂಟು ರೂಪಾಯಿ ಕಟ್ಟಿ
ಲಕೋಟಿ ಒಡೀದ ನನ್ನ ಮೇಜಿಗೆ ತಂದಳು.
"ನನಗ ಓದಾಕ ಬರಂಗಿಲ್ಲ. ನೀನ ಓದು."

ಬಾಗಿಲು ಎರಡು. ಕಿಟಕಿ ಒಂದು, ಕದವಿಲ್ಲ.
ಹಿತ್ತಲಿನಲ್ಲಿ ಪೇರಲ ಗಿಡ ಒಂದು, ಫಲ ಬಿಡುವುದು.
"ಹೌದು ಹೌದು" ಅಂದಳು, "ಒಳಗ ಕೆಂಪು."
ಗೋಡೆ

ಗೋಡೆ: ಮಣ್ಣು.
ಆ ಣಕಾರದ ಒತ್ತು ಗೆರಿ ದಾಟಿ
ಕೆಳಗಿನ ಸಾಲಿನ ತೆಲಿ ಮ್ಯಾಲ ಇಳದೈತಿ.
ಇವತ್ತಿಗೂ ಅರ್ಜಿ ಬರೀವಾಗ ಹಂಗ ಇಳೀತೈತಿ.

ಆಗ ನನಗ ಇಪ್ಪತ್ತೊಂದು. ದಿನಗೂಲಿ.
ಟೇಪಿನ ಒಂದು ತುದಿ ಹಿಡೀತಿದ್ದೆ,
ಸಾಹೇಬರು ಹೇಳಿದ್ದನ್ನ ಬರೀತಿದ್ದೆ.
ಕಲ್ಲಿನ ಮ್ಯಾಲ ಮಣ್ಣಿನ ಗಿಲಾವು ಬಳದಿದ್ದರು,
ಉಗುರಿಲೆ ಕೆರದಿದ್ದರ ಕಾಣತಿತ್ತು.
ಮುದುಕ "ಒಳಗ ಕಲ್ಲೈತ್ರೀ" ಅಂದ, ಎರಡು ಪೇರಲ ಕೊಟ್ಟ.
ಸಾಹೇಬರು "ಕಂಡದ್ದು ಬರಿ" ಅಂದರು. ಹೊತ್ತಾಗಿತ್ತು.
ಜೀಪಿನಾಗ ಕುಂತು ತಿಂದಿವಿ.
ಖರೇನ, ಒಳಗ ಕೆಂಪಿತ್ತು.

ಇದು ಒಂಬತ್ತು ಹಾಳ್ಯಾಗ ಎಲ್ಲೂ ಇಲ್ಲ.

"ಸಹಿ ಯಾರದು?"
ಸಾಹೇಬರದು. ತೀರಿಕೊಂಡು ಭಾಳ ವರ್ಷಾತು.
"ಸಹಿ ಅಲ್ಲ. ಅಕ್ಷರ ಯಾರದು?"

ಏನು, ಎಷ್ಟು, ಯಾವಾಗ, ಯಾರು.
ನಾನ ಕಲಿಸಿದ್ದೆ.
ಉತ್ತರ ಕೊಡಾಕ ಮೂವತ್ತು ದಿನ ಇರತಾವು
ಅನ್ನೂದೂ ನೆನಪಾತು.

ಓದಾಕ ಬರದಾಕಿ, ಖರೆ. ಆದರ ಎರಡು ವರ್ಷ
ನನ್ನ ಅರ್ಜಿ ಹಿಡಕೊಂಡು ಕಚೇರಿ ಕಚೇರಿ ಅಡ್ಡಾಡ್ಯಾಳ.
ಆ ಒತ್ತು ನೋಡಿರಬೇಕು. ನೋಡಿರಲಿಕ್ಕಿಲ್ಲ.

ಸೆರಗಿನ ಗಂಟು ಬಿಚ್ಚಿ
ಹತ್ತರ ನೋಟು ಮೇಜಿನ ಮ್ಯಾಲಿಟ್ಟಳು,
ಗಾಳಿಗೆ ಹಾರಬಾರದಂತ
ಅದರ ಮ್ಯಾಲ ಒಂದು ಪೇರಲ.